ಆಷಾಢದಲ್ಲಿ ಅತ್ತಿಗೆ ಕೇಳಿದ ಸಮುದ್ರ

ಆಷಾಢದಲ್ಲಿ ಯಾರಾದರೂ ಗೋವಾಕ್ಕೆ ಹೋಗುತ್ತಾರೆಯೇ ಎಂದು ಹಿಂದೂಪುರದ ನಮ್ಮ ಬೀದಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆಷಾಢ ಬಂದರೆ ಹೊಸದಾಗಿ ಮದುವೆಯಾದವರನ್ನೇ ಬೇರೆ ಬೇರೆ ಇಡುವ ಜನ ನಾವು. ಅಂಥದ್ದರಲ್ಲಿ ಐವತ್ತು ದಾಟಿದ ನಮ್ಮಣ್ಣ ಓಬಳೇಶಪ್ಪ ಹೆಂಡತಿಯನ್ನು ಕಟ್ಟಿಕೊಂಡು ಸಮುದ್ರಕ್ಕೆ ಹೊರಟಿದ್ದ.

"ಹನಿಮೂನಿಗೆ ಒಳ್ಳೇ ಮುಹೂರ್ತ ಹುಡುಕಿದೀಯ ಕಣಪ್ಪ" ಅಂದೆ.

"ಬಾಯ್ಮುಚ್ಕೊಂಡು ನೀನೂ ಬಟ್ಟೆ ತುಂಬ್ಕೊ ಶೋಭಾ. ಹಿಂದಿ ಮಾತಾಡಾಕೆ ಒಬ್ರು ಬೇಕು" ಅಂದ ಅಣ್ಣ.

ನನ್ನ ಹಿಂದಿ ಟೀವಿ ಧಾರಾವಾಹಿಗಳಿಂದ ಕಲಿತದ್ದು. ಅತ್ತೆಯನ್ನು ಬೈಯಲು, ಸೊಸೆಯನ್ನು ಕ್ಷಮಿಸಲು ಸಾಕಾಗುತ್ತದೆ, ಬಸ್ಸು ಕೇಳಲು ಸಾಲದು. ಆದರೂ ಒಪ್ಪಿದೆ. ಸೀರೆಗೆ ಫಾಲ್ಸ್ ಹೊಲಿಯುವ ನನ್ನ ಅಂಗಡಿಯಲ್ಲಿ ಆಷಾಢದಲ್ಲಿ ನೊಣ ಹೊಡೆಯುವ ಕೆಲಸವೇ. ನನ್ನ ಗಂಡ ಕೊಡಿಕೊಂಡ ಎನ್ನುವ ಊರಿನ ಚೆಕ್‌ಪೋಸ್ಟಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟವನು. "ದಿನಾ ಎಲ್ಲೆಲ್ಲಿಂದಾನೋ ಲಾರಿ ಬತ್ತಾವೆ, ನೀನೂ ಒಂದು ಸಲ ಎಲ್ಲಾದ್ರೂ ಹೋಗ್ಬಾ" ಎಂದು ಕಳಿಸಿದ. ನಾನಿಲ್ಲದಿದ್ದರೆ ಮನೆಯಲ್ಲಿ ತಣ್ಣಗಿರುತ್ತದೆ ಎನ್ನುವುದು ಅವನ ಲೆಕ್ಕ. ನನಗೆ ಗೊತ್ತು.

ಆಷಾಢವೇ ಯಾಕೆ ಎಂದರೆ, ಆ ತಿಂಗಳು ಮದುವೆಗಳಿಲ್ಲ. ಮದುವೆಗಳಿಲ್ಲದಿದ್ದರೆ ರೇಷ್ಮೆ ಸೀರೆ ಕೇಳುವವರಿಲ್ಲ. ಅಣ್ಣನೂ ಅತ್ತಿಗೆ ಬನಶಂಕರಿಯೂ ಕೆಲಸ ಮಾಡುವ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳು ದಿನಗಟ್ಟಲೆ ನಿಲ್ಲುವುದು ಆಗ ಮಾತ್ರ. ಗೋವಾದಲ್ಲಿಯೂ ಮಳೆಗಾಲಕ್ಕೆ ಎಲ್ಲವೂ ಅಗ್ಗ ಎಂದು ಯಾರೋ ಅಣ್ಣನ ತಲೆಗೆ ಹುಳ ಬಿಟ್ಟಿದ್ದರು. ಅಗ್ಗ ಎಂದರೆ ಯಾರಿಗೆ ಅಗ್ಗ ಎಂದು ಅವನು ಕೇಳಲಿಲ್ಲ.

ಅತ್ತಿಗೆಗೆ ಸಮುದ್ರವನ್ನು ನೋಡುವುದಕ್ಕಿಂತ ಕೇಳುವುದು ಮುಖ್ಯವಾಗಿತ್ತು. ಅದರ ಕತೆ ಕಲ್ಯಾಣದುರ್ಗದಲ್ಲಿ ಶುರುವಾಗುತ್ತದೆ. ಅದು ಅವಳ ತವರು. ಶ್ರಾವಣ ಶನಿವಾರಗಳಲ್ಲಿ ದಾಸಯ್ಯ ಶಂಖ, ಜಾಗಟೆ ಹಿಡಿದು ಮನೆಮನೆಗೆ ಬರುತ್ತಿದ್ದ. ಭಿಕ್ಷೆ ಹಾಕಲು ಬಂದ ಪುಟ್ಟ ಹುಡುಗಿಯ ಕಿವಿಗೆ ಒಂದು ಸಲ ಶಂಖ ಹಿಡಿದು, ಏನು ಕೇಳಿಸುತ್ತದೆ ಎಂದನಂತೆ. "ಗಾಳಿ ತಾತ" ಅಂದಳಂತೆ ಇವಳು. "ಗಾಳಿ ಅಂತೀಯಲ್ಲಮ್ಮ, ಅದು ಸಮುದ್ರ. ಶಂಖ ತಾನು ಹುಟ್ಟಿದ ಮನೇನ ಮರೀಯಲ್ಲ ಕಣಮ್ಮ" ಅಂದನಂತೆ ದಾಸಯ್ಯ. ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಪ್ಪ ಕೂಲಿಗೆಂದು ಬ್ರಹ್ಮಸಮುದ್ರ ಎನ್ನುವ ಊರಿನ ಬಸ್ಸು ಹತ್ತುವಾಗ, ಹೆಸರಿನಲ್ಲೇ ಸಮುದ್ರವಿದೆಯಲ್ಲ ಎಂದು ಇವಳೂ ಹಟ ಮಾಡಿ ಹತ್ತಿದಳು. ಇಳಿದು ನೋಡಿದರೆ ಒಣ ಹೊಲ, ಬೋರ್‌ವೆಲ್ಲು, ಬಿಸಿಲು. ಅತ್ತು ರಂಪ ಮಾಡಿದಳಂತೆ.

ಹೆಣ್ಣು ನೋಡಲು ಹೋದಾಗ ನಾನೂ ಇದ್ದೆ, ರಿಬ್ಬನ್ ಕಟ್ಟಿಕೊಂಡ ವಯಸ್ಸು. ನಮ್ಮಮ್ಮ ಪದ್ಧತಿಯ ಮಾತಾಗಿ, "ನಿಂಗೇನಾದ್ರೂ ಆಸೆ ಐತೇನಮ್ಮ?" ಎಂದು ಕೇಳಿದಳು. ಅದಕ್ಕೆ ತಲೆ ತಗ್ಗಿಸಿ 'ಏನೂ ಇಲ್ಲ' ಎನ್ನುವುದೂ ಪದ್ಧತಿಯೇ. ಈ ಹುಡುಗಿ ತಲೆ ಎತ್ತಿ, "ಸಮುದ್ರದ ಸದ್ದು ಕೇಳ್ಬೇಕು" ಅಂದಳು. ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ಕಲ್ಲಾದರು. ಅಣ್ಣನಿಗೆ ಸಮುದ್ರ ಇರುವ ಊರು ಅಂತ ಗೊತ್ತಿದ್ದದ್ದು ಒಂದೇ. ಕ್ಷೌರದ ಅಂಗಡಿಯ ಕ್ಯಾಲೆಂಡರಿನಲ್ಲಿ ನೋಡಿದ್ದ. "ಗೋವಾಕ್ಕೇ ಕರ್ಕೊಂಡು ಹೋಯ್ತೀನಿ" ಎಂದು ಜಂಬ ಕೊಚ್ಚಿದ.

ಕೊಚ್ಚಿಕೊಂಡವನು ಮದುವೆಯಾಗಿ ಶೆಡ್ಡು ಸೇರಿದ, ಹೆಂಡತಿಯನ್ನೂ ಸೇರಿಸಿದ. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಹೋದಳು. ಸಮುದ್ರ ಹಾಗೇ ಉಳಿಯಿತು.

ಶೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಬಾಯಿ ಕೆಲಸಕ್ಕೆ ಬರುವುದಿಲ್ಲ. ಲಾಳಿಗಳು ಬಡಿಯುವ ಸದ್ದಿನಲ್ಲಿ ಪಕ್ಕದವರ ಕೂಗೂ ಕೇಳದು. ಅಲ್ಲಿಯವರು ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ನೂಲು ಕಡಿದಿದೆ. ಹೆಬ್ಬೆರಳು ತುಟಿಗೆ ಮುಟ್ಟಿಸಿದರೆ ಟೀ ಬಂದಿದೆ. ಎದೆಯ ಮುಂದೆ ಒಂದು ಅಂಗೈ ಮೇಲೆ ಇನ್ನೊಂದು ಇಟ್ಟರೆ ಮಗ್ಗ ನಿಂತಿದೆ, ಹೋಗಿ ನೋಡು. ಅಣ್ಣ ಅತ್ತಿಗೆ ಸಂಸಾರದ ಜಗಳವನ್ನೂ ಹೀಗೇ ಆಡಿ ಮುಗಿಸಿದವರು. ನನ್ನಂಥ ಬಾಯಾಳಿಗೆ ನೋಡಿದರೆ ಮೈ ಉರಿಯುತ್ತಿತ್ತು. ಬೈಗುಳ ಕೇಳಿಸದಿದ್ದರೆ ಜಗಳದಲ್ಲಿ ಏನು ರುಚಿ?

ಆ ಸದ್ದೇ ಕೊನೆಗೆ ಅತ್ತಿಗೆಯ ಕಿವಿಯನ್ನು ತಿಂದಿತು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಫೋನು, ಆಮೇಲೆ ನಾನು. ಎಮ್ಮೆ ಕೂಗುವ ಹಾಗೆ ಕೂಗಿದರೂ "ಏನೇ?" ಅನ್ನುವಳು. ಬೀದಿಯವರು ನಾವಿಬ್ಬರೂ ದಿನಾ ಕಾದಾಡುತ್ತೇವೆಂದೇ ತಿಳಿದರು. ಈ ಯುಗಾದಿ ಕಳೆದ ಮೇಲೆ ಕಿವಿಯ ಡಾಕ್ಟರು ನೋಡಿ, ನರ ಸವೆದಿದೆ, ಉಳಿದಿರುವುದೂ ಮೆಲ್ಲಗೆ ಹೋಗುತ್ತದೆ ಅಂದರು. ಅದು ಅವಳಿಗೆ ದೊಡ್ಡದಾಗಲಿಲ್ಲ. ಇನ್ನೊಂದು ಕೇಳಿದಳು. ಮಗ್ಗ ನಿಂತರೂ ಕಿವಿಯೊಳಗೆ ಅದು ನಿಲ್ಲುವುದಿಲ್ಲ, ಹಬ್ಬದ ದಿನವೂ ಇಲ್ಲ, ಮಲಗಿದರೂ ಇಲ್ಲ, ಅದಕ್ಕೇನು ಔಷಧಿ? ಅದಕ್ಕೆ ಔಷಧಿ ಇಲ್ಲ ಅಂದರು ಡಾಕ್ಟರು.

ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ಆಸ್ಪತ್ರೆಯಿಂದ ಮನೆವರೆಗೂ ಸೈಕಲ್ಲು ತುಳಿದ. ಬಂದವನೇ ಸೈಕಲ್ಲಿಗೆ ಸ್ಟ್ಯಾಂಡೂ ಹಾಕದೆ, "ಗೋವಾಕ್ಕೆ ಹೋಗಾನ" ಅಂದ.

ಚೀಲಗಳಲ್ಲಿ ಬಟ್ಟೆಗಿಂತ ಊಟ ಜಾಸ್ತಿ ಇತ್ತು. ರಾಗಿ ಹಿಟ್ಟು, ಕಡಲೆಕಾಯಿ ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಪಾತ್ರೆ, ಮುದ್ದೆಕೋಲು. ಜನ ಗೋವಾಕ್ಕೆ ಕಪ್ಪು ಕನ್ನಡಕ ಕೊಂಡುಹೋಗುತ್ತಾರೆ, ನಾವು ಮುದ್ದೆಕೋಲು. ನಮ್ಮ ಮನೆತನದವರು ಹೋದ ಊರುಗಳೆಲ್ಲ ದೇವರ ಊರುಗಳೇ, ಕದಿರಿ, ಮಂತ್ರಾಲಯ, ತಿರುಪತಿ. ಅಲ್ಲೆಲ್ಲ ಛತ್ರವಿದೆ, ಕೊಳಾಯಿ ಇದೆ, ಹಿತ್ತಲಿನಲ್ಲಿ ಒಲೆ ಹೂಡಲು ಜಾಗವಿದೆ. ಗೋವಾದಲ್ಲಿ ಎಲ್ಲಿ ಇಳಿದುಕೊಳ್ಳುವುದು ಎಂದರೆ ಅಣ್ಣ, "ಅಷ್ಟು ದೊಡ್ಡ ನೀರು ಇರೋ ಜಾಗದಾಗೆ ಒಂದು ಛತ್ರ ಇಲ್ದೇ ಇರ್ತೈತಾ?" ಅಂದ. ನಮಗೂ ಸರಿಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಗುಂತಕಲ್ಲಿನಲ್ಲಿ ರೈಲು ಬದಲಿಸಿದೆವು. ಹುಬ್ಬಳ್ಳಿ ದಾಟಿದ ಮೇಲೆ ಮಳೆ ಹಿಡಿಯಿತು. ಘಟ್ಟ ಇಳಿಯುವಾಗ ಹೊರಗೆ ಬರೀ ಹಸಿರು ಮತ್ತು ಮಂಜು. ಕಿಟಕಿಯ ಪಕ್ಕದಲ್ಲೇ ನೀರು ಧುಮ್ಮಿಕ್ಕುತ್ತಿತ್ತು, ಮೇಲೆ ಯಾರೋ ಹಾಲಿನ ಕ್ಯಾನು ಮಗುಚಿದ ಹಾಗೆ. ಡಬ್ಬಿಯೊಳಗೆ ಬೆಳಕೂ ಹಸಿರಾಗಿತ್ತು. ಸುರಂಗ ಬಂದಾಗ ಕತ್ತಲು, ಮತ್ತೆ ಹಸಿರು, ಮತ್ತೆ ಕತ್ತಲು. ಎಚ್ಚರವಿದ್ದೇನೋ ತೂಕಡಿಸುತ್ತಿದ್ದೇನೋ ಎಂದು ನನಗೇ ತಿಳಿಯದೆ ಹೋಯಿತು. ನಮ್ಮ ಕಡೆ ಆಕಾಶ ಯಾವಾಗಲೂ ಅಷ್ಟು ಎತ್ತರದಲ್ಲಿರುತ್ತದೆ, ಇಲ್ಲಿ ಕೈ ಚಾಚಿದರೆ ಒದ್ದೆಯಾಗುತ್ತಿತ್ತು.

ಅತ್ತಿಗೆ ಕಂಬಿಗೆ ಹಣೆಯೂರಿ ಕೂತಿದ್ದಳು. ಕಿವುಡರು ಮಾತಾಡುವ ಹಾಗೆ ಜೋರಾಗಿ ಮಾತಾಡದೆ, ಮೆಲ್ಲಗೆ ಹೇಳಿದಳು: "ಶೋಭಾ, ಸಮುದ್ರದ ಮುಂದೆ ನಿಂತಾಗ್ಲೂ ನಂಗೆ ಮಗ್ಗಾನೇ ಕೇಳಿಸಿಬುಟ್ರೆ?"

ನಾನು ಅವಳ ಮಡಿಲಿಗೆ ಒಂದು ಹಿಡಿ ಕಡಲೆಕಾಯಿ ಹಾಕಿ, ಸುಲಿ ಅಂದೆ.

ಮಡಗಾಂವಿನಲ್ಲಿ ಇಳಿದೆವು. ಛತ್ರ ಎಲ್ಲಿದೆ ಎಂದು ನನ್ನ ಹಿಂದಿಯಲ್ಲಿ ಟ್ಯಾಕ್ಸಿಯವನನ್ನು ಕೇಳಿದೆ. ಅವನು ಹೋಟೆಲ್ ಅಂದ. ಛತ್ರ ಅಂದೆ. ರಿಸಾರ್ಟ್ ಅಂದ. ಪೊಲೀಸಿನವನನ್ನು ಕೇಳಿದೆವು, ಹೂ ಮಾರುವವಳನ್ನು ಕೇಳಿದೆವು, ಚರ್ಚಿನ ಮುಂದೆ ಗುಡಿಸುತ್ತಿದ್ದ ಮುದುಕನನ್ನೂ ಕೇಳಿದೆವು. ಸಮುದ್ರಕ್ಕೆ ಬಂದವರು ಪುಕ್ಕಟೆ ಮಲಗಿ, ತಾವೇ ಅಡುಗೆ ಮಾಡಿಕೊಂಡು ಹೋಗಬಹುದು ಎನ್ನುವುದು ಆ ಊರಿನಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಟ್ಯಾಕ್ಸಿಯವನು ಹೇಳಿದ ಬಾಡಿಗೆ ಕೇಳಿ ಅಣ್ಣ, "ಕಾರ್ ನಮ್ಗೇ ಬಿಟ್ಬುಡ್ತಾನಾ ಕೇಳೇ" ಅಂದ. ಬಸ್ಸು ಹತ್ತಿದೆವು.

ಮೊದಲು ತಲುಪಿದ ಬೀಚು ಹೆಸರುವಾಸಿಯಂತೆ. ಮರಳಿನಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ನೀರಿನ ಕಡೆ ಎರಡು ಹೆಜ್ಜೆ ಇಟ್ಟರೆ ಕಾವಲಿನವನು ಸೀಟಿ ಊದುತ್ತಿದ್ದ. ದಡದ ಮೇಲಿನ ಹೋಟೆಲಿನವರು ಆಳೆತ್ತರದ ಸ್ಪೀಕರುಗಳನ್ನು ಸಮುದ್ರದ ಕಡೆಗೇ ತಿರುಗಿಸಿ ಹಾಡು ಹಾಕಿದ್ದರು, ಸಮುದ್ರಕ್ಕೆ ಬೇಜಾರಾಗದಿರಲಿ ಅಂತ ಇರಬೇಕು. ಒಂದೇ ಸಮನೆ ಡಬ್, ಡಬ್, ಡಬ್. ನೆಲವೇ ಅದುರುತ್ತಿತ್ತು.

ಅತ್ತಿಗೆ ಕಣ್ಣು ಮುಚ್ಚಿ ನಿಂತಳು. ಅಣ್ಣ ಅವಳ ತುಟಿಯನ್ನೇ ನೋಡುತ್ತಿದ್ದ. ತುಂಬಾ ಹೊತ್ತಾದ ಮೇಲೆ ಕಣ್ಣು ತೆರೆದು, ಇಲ್ಲವೆಂದು ತಲೆಯಾಡಿಸಿದಳು. ತುಟಿ ಆಡಿದ್ದನ್ನು ನಾನೂ ಓದಿದೆ: ಮಗ್ಗಾನೇ.

ಅಣ್ಣ ಸೀದಾ ಹೋಟೆಲಿಗೆ ನುಗ್ಗಿ, ಸ್ವಲ್ಪ ಹೊತ್ತು ಹಾಡು ನಿಲ್ಲಿಸಿ ಎಂದು ಕೈಮುಗಿದ. ಆ ಹುಡುಗ ಕುರ್ಚಿ ತೋರಿಸಿ, ಕೂತು ಏನಾದರೂ ಆರ್ಡರ್ ಮಾಡಿ ಅಂದ. ಮೆನು ಕಾರ್ಡು ನೋಡಿದರೆ ಅಲ್ಲಿಯ ಒಂದು ಎಳನೀರಿನ ದುಡ್ಡಿಗೆ ನಮ್ಮೂರಿನಲ್ಲಿ ಮೂವರು ಊಟ ಮಾಡಬಹುದಿತ್ತು. ನನಗೆ ಪಿತ್ತ ನೆತ್ತಿಗೇರಿತು. ಹಿಂದಿ ಮರೆತು ತೆಲುಗಿನಲ್ಲಿ ಬೈದೆ, ತೆಲುಗು ಸಾಲದೆ ಕನ್ನಡದಲ್ಲಿ ಬೈದೆ. ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ, ಡಬ್ ಡಬ್ ಡಬ್. ಅತ್ತಿಗೆ ನನ್ನ ಸೆರಗು ಹಿಡಿದು ಎಳೆದಳು. "ಬಾರೇ, ಹೋಗಾನ. ನೋಡಾಯ್ತಲ್ಲ, ಸಾಕು" ಅಂದಳು. ಆ 'ಸಾಕು' ಕೇಳಿ ನನಗೆ ಅಳು ಬಂತು. ಜೀವಮಾನವೆಲ್ಲ ಒಂದೇ ಒಂದು ಆಸೆ ಇಟ್ಟುಕೊಂಡವಳು ಅಷ್ಟು ಸುಲಭವಾಗಿ ಸಾಕು ಅನ್ನಬಾರದು.

ಬಸ್ ನಿಲ್ದಾಣದಲ್ಲಿ ಮಳೆಗೆ ನಿಂತು ಅಣ್ಣನಿಗೂ ನನಗೂ ಜಗಳ ಹತ್ತಿತು. ವಾಪಸ್ಸು ಹೋಗುವುದೆಂದು ಅವನು, ಇಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಮಲಗಿದರೂ ಸರಿ ಹೋಗಕೂಡದೆಂದು ನಾನು. ಮಧ್ಯೆ ಪಕ್ಕದ ಬೆಂಚಿನಿಂದ ಒಬ್ಬ ಹೆಂಗಸು, "ಮೀದಿ ಏ ಊರಮ್ಮಾ?" ಅಂದಳು. ಗೋವಾದ ಮಳೆಯಲ್ಲಿ ನಮ್ಮ ಸೀಮೆಯ ತೆಲುಗು! ಮೈ ಜುಮ್ಮೆಂದಿತು. ಹಿಂದೂಪುರ ಅಂದೆ. "ನಂದು ಕಂಬದೂರು ಕಣಕ್ಕ. ನಿಮ್ ಬೈಗುಳ ಕೇಳಿಯೇ ಅಂದ್ಕೊಂಡೆ, ಇವ್ರು ನಮ್ಮೋರೇ ಅಂತ" ಎಂದು ನಕ್ಕಳು. ನನ್ನ ಬಾಯಿಂದ ಜನಕ್ಕೆ ಉಪಕಾರವಾದದ್ದು ಅದೇ ಮೊದಲು.

ಅವಳ ಹೆಸರು ಕೊಂಡಮ್ಮ. ದಕ್ಷಿಣದ ಕಡೆ ಒಂದು ಹಳ್ಳಿಯಲ್ಲಿ, ಕಡಲ ಪಕ್ಕದ ಸಣ್ಣ ಗೆಸ್ಟ್‌ಹೌಸು ನೋಡಿಕೊಂಡಿದ್ದಳು. ಮಳೆಗಾಲಕ್ಕೆ ಅದು ಮುಚ್ಚಿತ್ತು. ನಮ್ಮ ಕತೆ ಕೇಳಿ ಫೋನಿನಲ್ಲಿ ಓನರನ್ನು ವಿಚಾರಿಸಿದಳು. ಕೋಣೆಗಳನ್ನು ತೆಗೆಯಬೇಡ, ಬೇಕಿದ್ದರೆ ವರಾಂಡದಲ್ಲಿ ಮಲಗಲಿ ಅಂದನಂತೆ.

"ಬಾಡಿಗೆ ಎಷ್ಟಮ್ಮ?" ಅಂದ ಅಣ್ಣ.

ಕೊಂಡಮ್ಮ ನಮ್ಮ ಚೀಲದಿಂದ ಹೊರಗೆ ಚಾಚಿದ್ದ ಮುದ್ದೆಕೋಲನ್ನು ನೋಡಿದಳು. "ಹಿಟ್ಟು ತಂದಿದೀರಾ?" ಅಂದಳು. ಅವಳ ಕಣ್ಣಲ್ಲಿ ನೀರು ಆಡಿತು. "ಇಲ್ಲಿ ಮೂರು ಹೊತ್ತೂ ಅನ್ನ ಕಣಣ್ಣ. ಹೊಟ್ಟೆ ತುಂಬ್ತೈತೆ, ನಿಲ್ಲಲ್ಲ."

ಆವತ್ತು ಸಂಜೆ ಅವಳ ಒಲೆಯ ಮೇಲೆ ಮುದ್ದೆ ತಿರುವಿದವಳು ಅತ್ತಿಗೆ. ಹುರುಳಿ ಸಾರು ಇರಲಿಲ್ಲ, ಕೊಂಡಮ್ಮನ ಒಣಮೀನಿನ ಸಾರಿನಲ್ಲಿ ಅದ್ದಿ ನುಂಗಿದೆವು. ಕೊಂಡಮ್ಮ ನುಂಗುವಾಗ ಕಣ್ಣು ಮುಚ್ಚುತ್ತಿದ್ದಳು. ಜಡಿಮಳೆ ಸುರಿಯುತ್ತಿತ್ತು. ಹೊರಗೆ ತೆಂಗಿನ ಮರಗಳ ಆಚೆ ಏನೋ ದೊಡ್ಡದು ಉಸಿರಾಡುತ್ತಿರುವಂತೆ ನನಗೆ ಕೇಳಿಸುತ್ತಿತ್ತು. ಅತ್ತಿಗೆಗೆ ಹೇಳಲಿಲ್ಲ. ಹೇಳಿ, ಅವಳಿಗೆ ಕೇಳಿಸದೆ ಹೋದರೆ?

"ಸಮುದ್ರ ಸದ್ದೇ ಮಾಡ್ದೆ ಸತ್ತಂಗಿರ್ತೈತಾ ಒಂದೊಂದ್ ಸಲ?" ಎಂದು ಅಣ್ಣ ಕೊಂಡಮ್ಮನನ್ನು ಗುಟ್ಟಾಗಿ ಕೇಳಿದ.

"ದುಡ್ಡಿರೋರು ಬರೋ ಕಾಲದಾಗೆ ತುಪ್ಪದಂಗೆ ಬಿದ್ದಿರ್ತೈತೆ ಕಣಣ್ಣ. ಮಾತಾಡೋದು ಆಷಾಢದಾಗೆ. ಆಗ ಕೇಳಾಕೆ ಯಾರೂ ಬರಲ್ಲ" ಅಂದಳು ಕೊಂಡಮ್ಮ.

ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನೋಡಿಕೊಂಡು ಹಾಗೇ ಊರಿನ ದಾರಿ ಹಿಡಿಯುವುದೆಂದು ಚೀಲಗಳನ್ನೂ ಹೊತ್ತು, ಛತ್ರಿ ಹಿಡಿದು ಹೊರಟೆವು. ತೆಂಗಿನ ಮರ ದಾಟಿ, ಮರಳಿನ ದಿಬ್ಬ ಏರಿದರೆ ಎದುರಿಗೆ ಇತ್ತು. ಅಲ್ಲಿ ಜನ ಇರಲಿಲ್ಲ, ಸ್ಪೀಕರು ಇರಲಿಲ್ಲ, ಬಾವುಟ ಮಾತ್ರ ಒಂದು ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿತ್ತು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಬೂದಿ ಬಣ್ಣ. ಅದರೊಳಗಿಂದ ಮನೆಯೆತ್ತರದ ಅಲೆ ಎದ್ದು ಬರುತ್ತಿತ್ತು. ಬಿದ್ದಾಗ ಆದ ಸದ್ದನ್ನು ಹೇಳಲು ನನಗೆ ಬರುವುದಿಲ್ಲ. ನನ್ನ ಎದೆಗೂಡಿನೊಳಗೆ ಅದು ಬಿತ್ತು. "ಅಯ್ಯೋ ನಮ್ಮಪ್ಪಾ" ಎಂದು ಕಿರುಚಿದೆ. ನನ್ನ ಕಿರುಚಾಟ ನನಗೇ ಕೇಳಿಸಲಿಲ್ಲ.

ಬದುಕಿನಲ್ಲಿ ಮೊದಲ ಸಲ ನನ್ನ ಬಾಯಿ ದಂಡವಾಗಿತ್ತು. ನಾನು ಏನೋ ಕೂಗುತ್ತಿದ್ದೆ, ಅಣ್ಣ ಕಿವಿಯ ಹಿಂದೆ ಕೈಯಿಟ್ಟು "ಏನು?" ಎನ್ನುತ್ತಿದ್ದ. ಅತ್ತಿಗೆ ಒಬ್ಬಳೇ ಆರಾಮವಾಗಿದ್ದಳು. ನನ್ನ ತುಟಿ ನೋಡಿ, ನಾನು ಹೇಳಿದ್ದನ್ನು ಅಣ್ಣನಿಗೆ ಸನ್ನೆಯಲ್ಲಿ ತಿಳಿಸಿದಳು, 'ಕಾಲು ಒದ್ದೆ ಮಾಡ್ಕೋಬೇಡಿ ಅಂತಾಳೆ' ಎಂದು. ಇಷ್ಟು ವರ್ಷ ಅವಳ ಲೋಕದ ಹೊರಗೆ ನಿಂತು ನಾನು ಗದ್ದಲ ಮಾಡಿಕೊಂಡಿದ್ದೆ, ಈಗ ಅವಳ ಲೋಕಕ್ಕೆ ನಾನು ಬಂದಿದ್ದೆ.

ಆಮೇಲೆ ಅವಳು ದಿಬ್ಬದ ಮೇಲೆ ಕೂತು ಕಣ್ಣು ಮುಚ್ಚಿದಳು. ಅಲೆ ಬಂತು, ಬಿತ್ತು, ಸರಸರ ಎಂದು ಹಿಂದೆ ಹೋಯಿತು. ಮತ್ತೆ ಬಂತು. ಅಣ್ಣ ಮೊಣಕಾಲೂರಿ ಅವಳೆದುರು ಕೂತಿದ್ದ. ಡಾಕ್ಟರ ಮುಂದೆ ಕೂತ ದಿನವೂ ಅವನ ಮುಖ ಅಷ್ಟು ಬಿಳಿಚಿರಲಿಲ್ಲ. ಹೆಣ್ಣು ನೋಡಲು ಹೋದಾಗ ಜಂಬ ಕೊಚ್ಚಿದ ಹುಡುಗ ಎಲ್ಲಿ ಹೋದನೋ, ಅಲ್ಲಿದ್ದವನು ತಪ್ಪು ನೆಯ್ದು ಯಜಮಾನನ ಮುಂದೆ ನಿಂತ ಕೆಲಸಗಾರ.

ಅತ್ತಿಗೆ ಕಣ್ಣು ಬಿಟ್ಟಳು. ಅಣ್ಣ ಹುಬ್ಬು ಹಾರಿಸಿ, ಏನು ಎಂದು ಕೇಳಿದ.

ಅವಳು ಎರಡೂ ಕೈಗಳನ್ನು ಎದೆಯ ಮುಂದೆ ತಂದು, ಒಂದು ಅಂಗೈಯ ಮೇಲೆ ಇನ್ನೊಂದನ್ನು ಇಟ್ಟಳು. ಮಗ್ಗ ನಿಂತಿದೆ.

ಅಣ್ಣ ಶೆಡ್ಡಿನ ಅಭ್ಯಾಸದಂತೆ ದಡಕ್ಕನೆ ಎದ್ದು ಹಿಂದಕ್ಕೆ ತಿರುಗಿ ನೋಡಿದ, ಯಾವ ಮಗ್ಗ ಎಂದು. ಹಿಂದೆ ತೆಂಗಿನ ಮರಗಳಿದ್ದವು. ಅತ್ತಿಗೆ ನಕ್ಕು, ಅವನ ಕೈ ಹಿಡಿದು ಕೂರಿಸಿ, ಬೆರಳಿನಿಂದ ತನ್ನ ಕಿವಿಯನ್ನು ತೋರಿಸಿದಳು.

ಅಣ್ಣ ಅವಳ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನು ಅಳುವ ಸದ್ದು ಯಾರಿಗೂ ಕೇಳಿಸಲಿಲ್ಲ. ನಾನೂ ಅತ್ತೆ, ಮಳೆ ಹನಿ ಎಂದು ಯಾಕೆ ಹೇಳಲಿ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಅಲ್ಲೇ ಚೀಲಕ್ಕೆ ತಲೆ ಕೊಟ್ಟು ಒರಗಿದಳು. ಮಲಗಿದಳು ಎಂದುಕೊಂಡರೆ ನಿದ್ದೆಯೇ ಹತ್ತಿಬಿಟ್ಟಿತ್ತು, ಬಾಯಿ ಚೂರು ತೆರೆದ, ಮಕ್ಕಳ ನಿದ್ದೆ. ಸಮುದ್ರ ಅವಳ ಪಕ್ಕದಲ್ಲಿ ಬಿದ್ದು ಏಳುತ್ತಿತ್ತು. ಬಸ್ಸಿಗೆ ಹೊತ್ತಾಯಿತು, ಎಬ್ಬಿಸು ಎಂದು ನಾನು ಅಣ್ಣನಿಗೆ ಕೂಗಿದೆ. ಅವನು ಛತ್ರಿಯನ್ನು ಅವಳ ಮುಖದ ಮೇಲೆ ಸರಿಸಿ ಹಿಡಿದು, ತಾನು ನೆನೆಯುತ್ತ, ನನ್ನ ಕಡೆ ತಿರುಗಿ ತುಟಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ತಿಳಿಯಿತು: "ಹೋಗ್ಲಿ ಬಿಡೇ, ಮಲಗ್ಲಿ."